ಹಾಲುವಾಣವನ್ನು ಊರವರೆಲ್ಲ ಸೇರಿ ಉಳಿಸಿಕೊಳ್ಳುವುದು ಹೇಗೆ?

ಕಾನುಮನೆ, ಕೊಪ್ಪ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಅಡಿಕೆ ಮತ್ತು ಕಾಳುಮೆಣಸು ಬೆಳೆಯುವವನು. ನಮ್ಮದು ಹದಿನಾಲ್ಕು ಮನೆಗಳ ಊರು. ಅಜ್ಜನ ಕಾಲದಿಂದಲೂ ಇಲ್ಲಿ ಮೆಣಸಿನ ಬಳ್ಳಿ ಎಂದರೆ ಅದಕ್ಕೆ ಹಾಲುವಾಣದ ಮರದ ಆಸರೆ ಎಂದೇ ಲೆಕ್ಕ. ಬೇಸಿಗೆಯಲ್ಲಿ ಆಳೆತ್ತರದ ಗೂಟಗಳನ್ನು ಕಡಿದು, ನೆರಳಿನಲ್ಲಿ ಗೋಡೆಗೆ ಒರಗಿಸಿಟ್ಟು, ಮೊದಲ ಮಳೆ ಬಿದ್ದು ಮಣ್ಣು ಮೆತ್ತಗಾದೊಡನೆ ಗುಂಡಿಯ ಅಂಚಿಗೆ ಊರಿದರೆ ಮುಗಿಯಿತು. ಗೂಟವೇ ಚಿಗುರಿ ಮರವಾಗುತ್ತಿತ್ತು. ಅದರ ಸೊಪ್ಪು ದನಕ್ಕೂ ಆಗುತ್ತಿತ್ತು, ತೋಟದ ಗೊಬ್ಬರಕ್ಕೂ ಆಗುತ್ತಿತ್ತು. ಎಳೆಯ ಎಲೆಗಳನ್ನು ಅಕ್ಕಿಯೊಡನೆ ರುಬ್ಬಿ ಅಜ್ಜಿ ದೋಸೆ ಎರೆಯುತ್ತಿದ್ದರು. ಮಾಘ ಮಾಸದ ಹೊತ್ತಿಗೆ ಎಲೆಯೆಲ್ಲ ಉದುರಿ, ಬರಿಯ ಕೊಂಬೆಗಳ ತುದಿಯಲ್ಲಿ ಕೆಂಪು ಹೂ ಬಿಟ್ಟಾಗ ಗೊರವಂಕ, ಕಾಜಾಣ, ಸೂರಕ್ಕಿಗಳ ಗದ್ದಲದಲ್ಲಿ ಬೆಳಗಿನ ಮಾತು ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ.

ನಮ್ಮ ತೋಟದಲ್ಲಿ 2007ರ ಮಳೆಗಾಲದಲ್ಲಿ ಮೊದಲ ಬಾರಿಗೆ ಚಿಗುರು ಮುದುಡಿದ್ದನ್ನು ಕಂಡೆವು. ಎಲೆಯ ತೊಟ್ಟು ಬೆರಳಿನಷ್ಟು ದಪ್ಪವಾಗಿ, ಹಾಗಲಕಾಯಿಯ ಸಿಪ್ಪೆಯಂತೆ ಗಂಟುಗಂಟಾಗಿ ಊದಿಕೊಂಡಿತ್ತು. ರೋಗವೋ, ಗೊಬ್ಬರ ಹೆಚ್ಚಾದದ್ದೋ ಎಂದು ತಿಳಿಯದೆ, ಮುಂದಿನ ಮೂರು ವರ್ಷಗಳಲ್ಲಿ ಮರಗಳು ಬುಡದವರೆಗೂ ಒಣಗಿದವು. ಗಾಳಿಮಳೆಗೆ ಒಣಮರಗಳು ಮುರಿದು ಬಿದ್ದಾಗ, ಹದಿನೈದು ಇಪ್ಪತ್ತು ವರ್ಷ ಸಾಕಿದ ಮೆಣಸಿನ ಬಳ್ಳಿಗಳೂ ಅವುಗಳೊಡನೆ ನೆಲ ಕಚ್ಚಿದವು. ಆಮೇಲೆ ಊರಿನವರೆಲ್ಲ ಸಿಲ್ವರ್ ಓಕ್ ಮತ್ತು ಗ್ಲಿರಿಸಿಡಿಯಾ ನೆಟ್ಟರು. ಅದರಲ್ಲಿ ಅವರ ತಪ್ಪೇನೂ ಇಲ್ಲ, ಬದುಕು ಸಾಗಬೇಕಿತ್ತು.

ಈಗ ನಮ್ಮೂರಿನಲ್ಲಿ ಹಳೆಯ ಹಾಲುವಾಣದ ಮರಗಳು ಮೂರು ಮಾತ್ರ ಉಳಿದಿವೆ. ಒಂದು ಹೊಳೆಯ ದಂಡೆಯಲ್ಲಿದೆ, ಇನ್ನೆರಡು ಕಾನಿನ ಅಂಚಿನಲ್ಲಿವೆ. ಈ ವರ್ಷ ಮೂರೂ ಹೂ ಬಿಟ್ಟಿವೆ. ಮೊನ್ನೆ ನಾಲ್ಕೈದು ಮನೆಯವರು ಕುಳಿತು ಮಾತನಾಡುವಾಗ, ಇವುಗಳಿಂದ ಗೂಟ ತೆಗೆದು ಊರಿಗೆ ಮತ್ತೆ ಹಾಲುವಾಣವನ್ನು ತರಬಾರದೇಕೆ ಎಂಬ ಮಾತು ಬಂತು. ಕೂಡಲೇ ಅನುಮಾನಗಳೂ ಬಂದವು. ಕೀಟ ಇನ್ನೂ ಇದೆಯೇ? ನೆಟ್ಟರೆ ಮತ್ತೆ ಸಾಯುವುದಿಲ್ಲವೇ? ಔಷಧಿ ಹೊಡೆಯಬೇಕೇ? ಒಬ್ಬರು ಮಾಡಿ ಇನ್ನೊಬ್ಬರು ಸುಮ್ಮನಿದ್ದರೆ ಪ್ರಯೋಜನವಿದೆಯೇ? ಇಂಥ ಕೆಲಸದಲ್ಲಿ ತೊಡಗಿದವರು, ವಿಷಯ ಬಲ್ಲವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ. ಗೂಟ ಕಡಿಯುವ ಕಾಲ ಹತ್ತಿರ ಬರುತ್ತಿರುವುದರಿಂದ ಈಗಲೇ ಕೇಳುತ್ತಿದ್ದೇನೆ.

ಕೀಟಲೋಕ, ಬೆಂಗಳೂರು

ಕಾನುಮನೆಯವರೇ, ತಾವು ಕಂಡದ್ದು ರೋಗವಲ್ಲ, ಕೀಟ. ಅದರ ಹೆಸರು ಕ್ವಾಡ್ರಾಸ್ಟೈಕಸ್ ಎರಿತ್ರಿನೇ. ಹಾಲುವಾಣದ ಗಂಟು ಕಣಜ ಎಂದು ಕರೆಯಬಹುದು. ಕಣಜ ಎಂದೊಡನೆ ಕಡಜೀರಿಗೆಯ ಗಾತ್ರದ ಹುಳುವನ್ನು ಊಹಿಸಿಕೊಳ್ಳಬೇಡಿ. ಹೆಣ್ಣಿನ ಉದ್ದ ಸುಮಾರು ಒಂದೂವರೆ ಮಿಲಿಮೀಟರು. ಗಂಡು ಅದಕ್ಕಿಂತಲೂ ಚಿಕ್ಕದು. ಇದು ಮನುಷ್ಯರನ್ನು ಕಚ್ಚುವುದಿಲ್ಲ, ಬೇರೆ ಬೆಳೆಗಳನ್ನು ಮುಟ್ಟುವುದಿಲ್ಲ. ಹಾಲುವಾಣ ಸೇರಿರುವ ಎರಿತ್ರಿನಾ ಕುಲದ ಮರಗಳೇ ಇದರ ಬದುಕು. ತವರು ಆಫ್ರಿಕಾ. ಸಿಂಗಪುರ, ಮಾರಿಷಸ್ ಮತ್ತು ರಿಯೂನಿಯನ್ ದ್ವೀಪಗಳ ಮಾದರಿಗಳನ್ನು ನೋಡಿ 2004ರಲ್ಲಿ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟರು. ಅದಾದ ಕೆಲವೇ ವರ್ಷಗಳಲ್ಲಿ ಇದು ಏಷ್ಯಾದ ಹಲವು ದೇಶಗಳನ್ನೂ ಪೆಸಿಫಿಕ್ ದ್ವೀಪಗಳನ್ನೂ ಮುಟ್ಟಿತು. ನಮ್ಮಲ್ಲಿ ಕೇರಳ ಮತ್ತು ಕರ್ನಾಟಕದ ಮೆಣಸಿನ ತೋಟಗಳಿಗೆ ಬಿದ್ದ ಪೆಟ್ಟು ಬಹಳ ದೊಡ್ಡದು. ವಯನಾಡಿನಲ್ಲಿ ಆಸರೆ ಮರಗಳು ಸಾಲುಸಾಲಾಗಿ ಒಣಗಿದ್ದನ್ನು ನಾನೇ ಕಂಡಿದ್ದೇನೆ.

ಇದರ ಬದುಕನ್ನು ತಿಳಿದರೆ ತಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಹೆಣ್ಣು ಕಣಜ ಎಳೆಯ ಎಲೆ, ಎಲೆತೊಟ್ಟು ಮತ್ತು ಹಸಿರು ಕುಡಿಗಳ ಒಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗೆ ಬೆಳೆಯುವಾಗ ಗಿಡದ ಅಂಗಾಂಶ ಅದರ ಸುತ್ತ ಊದಿಕೊಂಡು ಗಂಟಾಗುತ್ತದೆ. ಒಂದು ತೊಟ್ಟನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ಸಣ್ಣ ಸಣ್ಣ ಕೋಣೆಗಳೂ, ಒಂದೊಂದು ಕೋಣೆಯಲ್ಲಿ ಒಂದೊಂದು ಬಿಳಿಯ ಮರಿಯೂ ಕಾಣುತ್ತವೆ. ಮೊಟ್ಟೆಯಿಂದ ರೆಕ್ಕೆಯ ಕಣಜವಾಗುವುದಕ್ಕೆ ಸುಮಾರು ಇಪ್ಪತ್ತು ದಿನ ಸಾಕು. ಬಲಿತ ಕಣಜ ಗಂಟಿನ ಸಿಪ್ಪೆಯಲ್ಲಿ ದುಂಡಗಿನ ತೂತು ಕೊರೆದು ಹೊರಬರುತ್ತದೆ. ಎಳೆಯ ಚಿಗುರು ಇಲ್ಲದಿದ್ದರೆ ಅದಕ್ಕೆ ಮೊಟ್ಟೆ ಇಡಲು ಜಾಗವಿಲ್ಲ. ಬಲಿತ ಕಟ್ಟಿಗೆಯಲ್ಲಿ ಅದು ಇರುವುದಿಲ್ಲ. ಈ ಎರಡು ಮಾತುಗಳನ್ನು ನೆನಪಿಡಿ.

ಕೀಟ ಇನ್ನೂ ಇದೆಯೇ ಎಂದು ಕೇಳಿದ್ದೀರಿ. ಇದೆ, ಇರುತ್ತದೆ, ಅದನ್ನು ನಾಡಿನಿಂದ ಪೂರ್ತಿಯಾಗಿ ತೊಲಗಿಸುವುದು ಆಗದ ಮಾತು. ಆದರೆ 2007ರಲ್ಲಿ ಅದು ತಮ್ಮ ತೋಟಕ್ಕೆ ಬಂದಾಗ ಅದನ್ನು ತಿನ್ನುವವರು ಇಲ್ಲಿ ಇರಲಿಲ್ಲ ಎಂಬಂತಿತ್ತು, ಈಗ ಹಾಗಿಲ್ಲ. ನಮ್ಮ ದೇಶದಲ್ಲೇ ಇರುವ ಅಪ್ರೊಸ್ಟೊಸೀಟಸ್ ಗಾಲ ಎಂಬ ಇನ್ನೊಂದು ಪುಟ್ಟ ಕಣಜ ಈ ಗಂಟುಗಳೊಳಗಿನ ಮರಿಗಳ ಮೇಲೆ ಪರಾವಲಂಬಿಯಾಗಿ ಬದುಕುವುದನ್ನು ಕೀಟಶಾಸ್ತ್ರಜ್ಞರು ಗುರುತಿಸಿದ್ದಾರೆ. ತಮ್ಮ ಮೂರು ಮರಗಳು ಉಳಿದದ್ದಕ್ಕೆ ಇದೂ ಒಂದು ಕಾರಣವಿರಬಹುದು, ಅಥವಾ ಆ ಮರಗಳ ಗುಣವೇ ಬೇರೆಯಿರಬಹುದು, ಅಥವಾ ಒಂಟಿಯಾಗಿ ದೂರದಲ್ಲಿದ್ದುದರಿಂದ ತಪ್ಪಿಸಿಕೊಂಡಿರಬಹುದು. ಇವುಗಳಲ್ಲಿ ಯಾವುದು ಎಂದು ತಿಳಿಯದೆ ನೂರಾರು ಗೂಟ ನೆಡಬೇಡಿ.

ತಿಳಿಯುವುದಕ್ಕೆ ಒಂದು ಸುಲಭದ ದಾರಿಯಿದೆ. ಗಂಟಾದ ತೊಟ್ಟುಗಳನ್ನು ಕಿತ್ತು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಒತ್ತಾದ ನೇಯ್ಗೆಯ ಬಟ್ಟೆ ಕಟ್ಟಿ, ಬಿಸಿಲು ಬೀಳದ ಜಾಗದಲ್ಲಿಡಿ. ಒಂದೆರಡು ವಾರಗಳಲ್ಲಿ ಒಳಗಿನ ಕೀಟಗಳು ಹೊರಬಂದು ಬೆಳಕಿನ ಕಡೆಗೆ ಸೇರುತ್ತವೆ. ಎಲ್ಲವೂ ಒಂದೇ ಬಗೆಯವೋ, ಎರಡು ಬಗೆಯವೋ ಎಂಬುದನ್ನು ಭೂತಗನ್ನಡಿಯಲ್ಲಿ ಸ್ಥೂಲವಾಗಿ ನೋಡಬಹುದು. ಖಚಿತವಾಗಿ ಹೇಳಲು ತಜ್ಞರೇ ಬೇಕು. ಕೀಟಗಳನ್ನು ಸ್ಪಿರಿಟ್ಟಿನಲ್ಲಿ ಹಾಕಿ, ಮರದ ಗುರುತು ಮತ್ತು ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯೊಡನೆ ಕೃಷಿ ವಿಜ್ಞಾನ ಕೇಂದ್ರಕ್ಕೋ, ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಗೋ ತಲುಪಿಸಿ. ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ.

ಔಷಧಿಯ ಬಗ್ಗೆ ಒಂದು ಮಾತು. ಮರದೊಳಗೆ ಹರಡುವ ಕೀಟನಾಶಕಗಳು ಈ ಕಣಜವನ್ನು ಕೊಲ್ಲುತ್ತವೆ, ಅದು ನಿಜ. ಆದರೆ ಅದೇ ವಿಷ ಹೂವಿನ ಮಕರಂದಕ್ಕೂ ಸೇರಬಹುದು. ತಾವು ಬರೆದ ಸೂರಕ್ಕಿಯೂ ಜೇನೂ ಕುಡಿಯುವುದು ಆ ಮಕರಂದವನ್ನೇ. ಅದೇ ಮರಕ್ಕೆ ಹಬ್ಬಿದ ಮೆಣಸು ಮನುಷ್ಯರ ಹೊಟ್ಟೆಗೆ ಹೋಗುವಂಥದ್ದು. ಪರಾವಲಂಬಿ ಕಣಜವೂ ಸಾಯುತ್ತದೆ. ನನ್ನ ದೃಢವಾದ ಅಭಿಪ್ರಾಯ, ಹೊಡೆಯಬೇಡಿ.

ಕೊನೆಯದಾಗಿ, ಹಾಲುವಾಣ ಎಂದು ನಾವು ಕರೆಯುವುದು ಒಂದೇ ಜಾತಿಯನ್ನಲ್ಲ. ಕರಾವಳಿಯಲ್ಲಿ ಹೆಚ್ಚಾಗಿರುವ ಎರಿತ್ರಿನಾ ವೇರಿಯಗೇಟಾ ಬೇರೆ, ಘಟ್ಟದ ಕಾಡಿನ ಎರಿತ್ರಿನಾ ಸ್ಟ್ರಿಕ್ಟಾ ಬೇರೆ, ಬಯಲುಸೀಮೆಯ ಕುರುಚಲು ಕಾಡಿನ ಎರಿತ್ರಿನಾ ಸುಬೆರೋಸಾ ಬೇರೆ. ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ದಡಾಪ್ ಇನ್ನೂ ಬೇರೆ. ತಾವು ಉಳಿಸಹೊರಟಿರುವುದು ಯಾವುದನ್ನು ಎಂಬುದನ್ನು ಹೂ, ಕಾಯಿ ಮತ್ತು ಮುಳ್ಳಿನ ಚಿತ್ರ ತೆಗೆದು ಮೊದಲು ಖಚಿತಪಡಿಸಿಕೊಳ್ಳಿ.

ಮರಗಸಿ, ಮೂಡಿಗೆರೆ

ಮೇಲಿನವರು ಹೇಳಿದ ಎರಡು ಮಾತುಗಳನ್ನು ಹಿಡಿದು ನಾವು ಏನು ಮಾಡಿದೆವು ಎಂಬುದನ್ನು ಬರೆಯುತ್ತೇನೆ. ನಮ್ಮದು ಕಾಫಿ ಮತ್ತು ಮೆಣಸಿನ ತೋಟ. ಅಕ್ಕಪಕ್ಕದ ಆರು ತೋಟದವರು ಸೇರಿ ನಾಲ್ಕು ವರ್ಷಗಳಿಂದ ಹಾಲುವಾಣವನ್ನು ಮತ್ತೆ ಬೆಳೆಸುತ್ತಿದ್ದೇವೆ.

ಮೊದಲ ಪ್ರಯತ್ನದಲ್ಲಿ ನಾವು ಎಡವಿದೆವು. ಒಂದು ನರ್ಸರಿಯಿಂದ ಇನ್ನೂರು ಚಿಗುರಿದ ಗೂಟಗಳನ್ನು ಕೊಂಡು ತಂದೆವು. ಗಾಡಿಯಿಂದ ಇಳಿಸುವಾಗಲೇ ಕೆಲವು ಚಿಗುರುಗಳ ತೊಟ್ಟು ದಪ್ಪವಾಗಿದ್ದುದನ್ನು ನನ್ನ ಹೆಂಡತಿ ತೋರಿಸಿದಳು. ದುಡ್ಡು ಕೊಟ್ಟಾಗಿದೆ ಎಂದು ನಾನು ನೆಟ್ಟುಬಿಟ್ಟೆ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಅವುಗಳಲ್ಲಿ ಮುಕ್ಕಾಲು ಪಾಲು ಮುದುಡಿದ್ದವು. ಪಕ್ಕದ ತೋಟದಲ್ಲಿ ಚೆನ್ನಾಗಿದ್ದ ಮರಗಳಿಗೂ ಗಂಟು ಬಂತು. ಆದ್ದರಿಂದ ಚಿಗುರಿದ ಗೂಟವನ್ನು ಊರಿನಿಂದ ಊರಿಗೆ ತರಲೇಬಾರದು. ತರುವುದಾದರೆ ಕೈತೋಳಿನ ದಪ್ಪದ ಬಲಿತ ಗೂಟವನ್ನೇ ತರಬೇಕು, ಹಸಿರು ಕುಡಿ, ತೊಟ್ಟು, ಎಲೆ ಯಾವುದೂ ಇರದಂತೆ ಮರದ ಬುಡದಲ್ಲೇ ಸವರಿ ಬಿಟ್ಟು ತರಬೇಕು. ಗೋಡೆಗೆ ಒರಗಿಸಿಟ್ಟಾಗ ಬರುವ ಚಿಗುರನ್ನು ವಾರಕ್ಕೊಮ್ಮೆ ಕಣ್ಣಿಟ್ಟು ನೋಡಬೇಕು. ಗಂಟು ಕಂಡ ಗೂಟದ ಚಿಗುರನ್ನು ಮುರಿದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡುತ್ತೇವೆ.

ಇನ್ನು, ಊರವರು ಸೇರಿ ಮಾಡಬೇಕಾದ ಮುಖ್ಯ ಕೆಲಸ ಮರಗಸಿ, ಅಂದರೆ ಮರದ ಕೊಂಬೆ ಸವರುವುದು. ಕಣಜಕ್ಕೆ ಬೇಕಾದದ್ದು ಎಳೆಯ ಚಿಗುರು. ನಾನು ಭರಣಿ ಮಳೆಗೆ ಮರ ಸವರಿ, ಪಕ್ಕದವರು ರೋಹಿಣಿಗೆ ಸವರಿ, ಅವರ ಪಕ್ಕದವರು ಆರಿದ್ರೆಗೆ ಸವರಿದರೆ ಏನಾಗುತ್ತದೆ? ನನ್ನ ಚಿಗುರು ಬಲಿಯುವ ಹೊತ್ತಿಗೆ ಅವರದು ಒಡೆಯುತ್ತದೆ, ಅವರದು ಬಲಿಯುವಾಗ ಇನ್ನೊಬ್ಬರದು. ಇಪ್ಪತ್ತು ದಿನಕ್ಕೊಂದು ತಲೆಮಾರು ಬೆಳೆಸುವ ಕೀಟಕ್ಕೆ ನಾವೇ ತಿಂಗಳುಗಟ್ಟಲೆ ಊಟ ಬಡಿಸಿದಂತಾಗುತ್ತದೆ. ಆದ್ದರಿಂದ ಆರೂ ತೋಟದವರು ಒಂದೇ ವಾರದೊಳಗೆ ಮರಗಸಿ ಮುಗಿಸುತ್ತೇವೆ. ಆಳುಗಳ ಕೊರತೆಯಿರುವ ಈ ಕಾಲದಲ್ಲಿ ಅದು ಹೇಗೆ ಸಾಧ್ಯ ಎಂದು ಕೇಳಬಹುದು. ಹಳೆಯ ಮುಯ್ಯಾಳಿನ ಪದ್ಧತಿಯನ್ನೇ ಹಿಡಿದಿದ್ದೇವೆ. ಇವತ್ತು ಎಲ್ಲರೂ ನನ್ನ ತೋಟಕ್ಕೆ, ನಾಳೆ ಎಲ್ಲರೂ ಪಕ್ಕದ ತೋಟಕ್ಕೆ. ಹೀಗೆ ಮಾಡಿದ ಎರಡು ವರ್ಷಗಳಲ್ಲಿ ನಮ್ಮಲ್ಲಿ ಗಂಟು ಕಡಿಮೆಯಾಗಿದೆ. ಅದು ಇದೇ ಕಾರಣಕ್ಕೆ ಎಂದು ಆಣೆ ಮಾಡಿ ಹೇಳಲಾರೆ, ಆದರೆ ತರ್ಕ ಸರಿಯಿದೆ ಎಂದು ನಂಬಿದ್ದೇನೆ.

ನಮ್ಮ ಹಿರಿಯರ ಕಾಲದ ತೋಟಗಳ ಬಗ್ಗೆಯೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಒಂದೇ ಒಳ್ಳೆಯ ಮರದಿಂದ ಗೂಟ ತೆಗೆದು ಇಡೀ ಗುಡ್ಡಕ್ಕೆ ನೆಟ್ಟಿದ್ದೆವು. ಆ ಮರಗಳೆಲ್ಲ ಒಂದೇ ಮರದ ತುಂಡುಗಳು. ಒಂದಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಯಾವುದಕ್ಕೂ ಇಲ್ಲ. ಹಾಗಾಗಿ ಈ ಸಲ ಮೆಣಸಿಗೆ ಹಲಸು, ಹಾಲ್ಮಡ್ಡಿ, ಅತ್ತಿ, ಹಾಲುವಾಣ ಎಲ್ಲವನ್ನೂ ಬೆರೆಸಿದ್ದೇವೆ. ತಮ್ಮ ಮೂರು ಮರಗಳಿಂದಲೂ ಗೂಟ ತೆಗೆಯಿರಿ, ಆದರೆ ಯಾವ ಗೂಟ ಯಾವ ಮರದ್ದು ಎಂದು ಬಣ್ಣ ಬಳಿದು ಗುರುತಿಟ್ಟು, ಮೂರನ್ನೂ ಒಂದೇ ಸಾಲಿನಲ್ಲಿ ಬೆರೆಸಿ ನೆಡಿ. ಒಂದೇ ಗಾಳಿ, ಒಂದೇ ನೆರಳು, ಒಂದೇ ಮಣ್ಣಿನಲ್ಲಿ ಎರಡು ಮಳೆಗಾಲ ಕಳೆದರೆ, ಉಳಿದದ್ದು ಮರದ ಗುಣದಿಂದಲೋ ಜಾಗದ ಅದೃಷ್ಟದಿಂದಲೋ ಎಂಬುದು ತಾನಾಗಿ ತಿಳಿಯುತ್ತದೆ.

ಸಣ್ಣ ಹಿಡುವಳಿ, ಸೋಮವಾರಪೇಟೆ

ಎಲ್ಲರ ಮಾತಿಗೂ ಗೌರವವಿದೆ. ಆದರೆ ಒಂದು ಎಕರೆ ಇರುವವನ ಕಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ ಎಂಬುದು ನನಗೂ ಗೊತ್ತು, ಅದರ ಎಲೆ ಬೇಗ ಕೊಳೆಯುವುದಿಲ್ಲ ಎಂಬುದೂ ಗೊತ್ತು. ಆದರೆ ಅದು ನೆಟ್ಟಗೆ ಬೆಳೆಯುತ್ತದೆ, ಮಗಳ ಮದುವೆಗೋ ಮನೆಯ ಮಾಡಿಗೋ ದುಡ್ಡು ಬೇಕಾದಾಗ ನಾಲ್ಕು ಮರ ಕಡಿಸಿ ಮಾರಬಹುದು. ಹಾಲುವಾಣದ ಕಟ್ಟಿಗೆಗೆ ಬೆಲೆಯಿಲ್ಲ. 2009ರಲ್ಲಿ ನನ್ನ ಬಳ್ಳಿಗಳೆಲ್ಲ ನೆಲಕ್ಕೆ ಬಿದ್ದಾಗ ಯಾರೂ ಬಂದು ಕೇಳಲಿಲ್ಲ. ಮತ್ತೊಮ್ಮೆ ಅದೇ ಮರಕ್ಕೆ ಬಳ್ಳಿ ಹಬ್ಬಿಸಿ ಎಂದರೆ ಧೈರ್ಯ ಬರುವುದಿಲ್ಲ.

ಇಷ್ಟು ಮಾತ್ರ ಮಾಡಬಲ್ಲೆ: ಬೇಲಿಯ ಸಾಲಿಗೆ ಐದು ಗೂಟ ಊರುತ್ತೇನೆ, ಸವರುವ ದಿನ ಎಲ್ಲರೊಡನೆ ಬರುತ್ತೇನೆ. ಬಳ್ಳಿ ಹಬ್ಬಿಸುವುದಿಲ್ಲ. ಕಾನುಮನೆಯವರ ಊರಿನಲ್ಲೂ ನನ್ನಂಥವರು ಇರುತ್ತಾರೆ. ಅವರನ್ನು ಒತ್ತಾಯಿಸದೆ, ಇಷ್ಟಕ್ಕೆ ಒಪ್ಪಿದರೂ ಸೇರಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ದೂರದ್ವೀಪ, ಹವಾಯಿ

ನಾನು ಸಾಗರದ ಕಡೆಯವಳು. ಹವಾಯಿಯ ದೊಡ್ಡ ದ್ವೀಪದಲ್ಲಿ ನೆಲೆಸಿ ಹಲವು ವರ್ಷಗಳಾದವು. ಈ ಚರ್ಚೆಯನ್ನು ಓದುತ್ತಾ ಹೋದಂತೆ ಬರೆಯದೆ ಇರಲಾಗಲಿಲ್ಲ. ಇದೇ ಕಣಜ ಇಲ್ಲಿಗೂ ಬಂದಿತ್ತು, ಇಲ್ಲಿನ ಹಾಲುವಾಣವನ್ನೂ ಅಳಿವಿನ ಅಂಚಿಗೆ ತಂದಿತ್ತು.

ಇಲ್ಲಿಯ ಮರದ ಹೆಸರು ವಿಲಿವಿಲಿ. ನಮ್ಮ ಹಾಲುವಾಣದ್ದೇ ಕುಲ, ಆದರೆ ಪ್ರಪಂಚದಲ್ಲಿ ಹವಾಯಿ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಮಳೆ ಕಡಿಮೆಯಿರುವ ಲಾವಾ ಬಂಡೆಗಳ ಇಳಿಜಾರಿನಲ್ಲಿ, ಬೇಸಿಗೆಯಲ್ಲಿ ಎಲೆ ಉದುರಿಸಿ ಹೂ ಬಿಡುತ್ತದೆ. ಹೂವಿನ ಬಣ್ಣ ಮರದಿಂದ ಮರಕ್ಕೆ ಬೇರೆ. ಕಿತ್ತಳೆ, ತಿಳಿಹಸಿರು, ಬಿಳಿ ಎಲ್ಲವೂ ಒಂದೇ ಗುಡ್ಡದಲ್ಲಿ ಕಾಣಸಿಗುತ್ತವೆ. ಬೆಂಡಿನಂತೆ ಹಗುರವಾದ ಅದರ ಕಟ್ಟಿಗೆಯಿಂದ ಇಲ್ಲಿನ ಮೂಲನಿವಾಸಿಗಳು ದೋಣಿಯ ಪಕ್ಕದ ತೇಲುಮರವನ್ನೂ ಬಲೆಯ ತೇಲುಬೆಂಡನ್ನೂ ಅಲೆಯ ಮೇಲೆ ಜಾರುವ ಹಲಗೆಯನ್ನೂ ಮಾಡುತ್ತಿದ್ದರು. ಕೆಂಪು ಬೀಜಗಳನ್ನು ಇಂದಿಗೂ ಹಾರಕ್ಕೆ ಪೋಣಿಸುತ್ತಾರೆ.

2005ರ ಏಪ್ರಿಲ್‌ನಲ್ಲಿ ಒವಾಹು ದ್ವೀಪದಲ್ಲಿ ಕಣಜ ಕಾಣಿಸಿತು. ಕೆಲವೇ ತಿಂಗಳುಗಳಲ್ಲಿ ಉಳಿದ ಮುಖ್ಯ ದ್ವೀಪಗಳಿಗೂ ಹಬ್ಬಿತು. ಬೀದಿಬದಿಯಲ್ಲಿ ಮತ್ತು ಗಾಳಿತಡೆಗೆಂದು ನೆಟ್ಟಿದ್ದ ನಮ್ಮ ಜಾತಿಯ ಹಾಲುವಾಣಗಳು ಸಾಲಾಗಿ ಸತ್ತವು. ವಿಲಿವಿಲಿ ಉಳಿಯುವುದಿಲ್ಲ ಎಂದು ಹೆದರಿದ ಜನ ಮೊದಲು ಮಾಡಿದ ಕೆಲಸ ಬೀಜ ಸಂಗ್ರಹ. ಬೇರೆ ಬೇರೆ ಕಣಿವೆಗಳ, ಬೇರೆ ಬೇರೆ ಮರಗಳ ಬೀಜಗಳನ್ನು ಬೇರೆ ಬೇರೆಯಾಗಿಯೇ ಕೂಡಿಟ್ಟರು. ಅದೇ ಹೊತ್ತಿಗೆ ಇಲ್ಲಿನ ಕೃಷಿ ಇಲಾಖೆ ಮತ್ತು ವಿಶ್ವವಿದ್ಯಾಲಯದ ಕೀಟತಜ್ಞರು ಕಣಜದ ತವರಾದ ಆಫ್ರಿಕಾಕ್ಕೆ ಹೋಗಿ, ಅಲ್ಲಿ ಅದನ್ನು ಹತೋಟಿಯಲ್ಲಿಟ್ಟಿರುವ ಶತ್ರು ಯಾರು ಎಂದು ಹುಡುಕಿದರು. ಟಾಂಜಾನಿಯಾದಲ್ಲಿ ಸಿಕ್ಕಿದ್ದು ಯೂರಿಟೋಮಾ ಎರಿತ್ರಿನೇ ಎಂಬ ಕಣಜ. ಅದರ ಮರಿ ಗಂಟಿನೊಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಕೊರೆಯುತ್ತಾ ಹೋಗಿ, ಹಲವು ಮರಿಗಳನ್ನು ತಿನ್ನುತ್ತದೆ. ಅದು ಬೇರೆ ಯಾವ ಜೀವಿಗೂ ತೊಂದರೆ ಕೊಡುವುದಿಲ್ಲ ಎಂದು ಬಂದೋಬಸ್ತಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, 2008ರ ನವೆಂಬರಿನಲ್ಲಿ ಹೊರಗೆ ಬಿಟ್ಟರು. ಮರಗಳು ಮತ್ತೆ ಎಲೆ ಹೊತ್ತವು. ಹೂ ಮತ್ತು ಕಾಯಿಗಳಲ್ಲಿ ಮಾತ್ರ ಗಂಟಿನ ಕಾಟ ಉಳಿದುಕೊಂಡಿತು. ಅದರ ಜೊತೆಗೆ ಬೀಜ ಕೊರೆಯುವ ಹೊರನಾಡಿನ ಒಂದು ದುಂಬಿಯೂ ಸೇರಿಕೊಂಡಿದೆ, ಹಾಗಾಗಿ ಗಟ್ಟಿ ಬೀಜ ಸಿಗುವುದು ಇಂದಿಗೂ ಸುಲಭವಲ್ಲ.

ಆದರೆ ನಾನು ಹೇಳಬೇಕೆಂದಿರುವುದು ಕೀಟ ಬಿಟ್ಟ ಮೇಲಿನ ಕತೆ. ಶತ್ರುಕೀಟ ಬಂದ ಮಾತ್ರಕ್ಕೆ ಕಾಡು ಮರಳಲಿಲ್ಲ. ಆಡುಗಳು ಸಸಿಗಳನ್ನು ಮೇಯುತ್ತಿದ್ದವು. ಹೊರಗಿನಿಂದ ಬಂದ ಹುಲ್ಲೊಂದು ಬೇಸಿಗೆಯಲ್ಲಿ ಬೆಂಕಿ ಹಿಡಿದು ಎಲ್ಲವನ್ನೂ ಸುಡುತ್ತಿತ್ತು. ವೈಕೊಲೋವಾ ಎಂಬಲ್ಲಿ ಒಣಕಾಡಿನ ಒಂದು ಭಾಗಕ್ಕೆ ಬೇಲಿ ಹಾಕಿ, ಊರಿನವರೂ ಶಾಲೆಯ ಮಕ್ಕಳೂ ಬಂದು ಹುಲ್ಲು ಕೀಳುತ್ತಾರೆ, ಸಸಿ ನೆಡುತ್ತಾರೆ, ನೀರು ಹೊರುತ್ತಾರೆ. ನಾನೂ ಬಿಡುವಿದ್ದಾಗ ಹೋಗುತ್ತೇನೆ. ವಿಲಿವಿಲಿಯ ಹೆಸರಿನಲ್ಲಿ ಅಲ್ಲಿ ಹಬ್ಬವನ್ನೂ ನಡೆಸಿದ್ದಾರೆ. ಮೊದಲ ಸಲ ಹೋದಾಗ ನನ್ನ ಕೈಗೆ ಒಂದು ಬೀಜ ಕೊಟ್ಟು, ಅರದಿಂದ ಅದರ ಸಿಪ್ಪೆಯನ್ನು ಒಂದು ಬದಿಯಲ್ಲಿ ಸ್ವಲ್ಪವೇ ತೇಯುವುದನ್ನು ಕಲಿಸಿದರು. ಕೆಂಪು ಸಿಪ್ಪೆಯಡಿಯಲ್ಲಿ ಬಿಳಿ ಕಾಣಿಸಿದೊಡನೆ ನಿಲ್ಲಿಸಬೇಕು. ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆ ಬೀಜ ಎರಡರಷ್ಟು ದಪ್ಪವಾಗಿರುತ್ತದೆ. ಹಾಗೆ ಮಾಡದಿದ್ದರೆ ಆ ಗಟ್ಟಿ ಸಿಪ್ಪೆಯೊಳಗೆ ನೀರು ಇಳಿಯುವುದಕ್ಕೆ ಬಹಳ ಕಾಲ ಬೇಕಾಗುತ್ತದೆ.

ಹಾಲುವಾಣದ ಬೀಜಕ್ಕೂ ಇದೇ ಉಪಾಯ ನಡೆಯುತ್ತದೆ. ಆದ್ದರಿಂದ ಕಾನುಮನೆಯವರೇ, ಗೂಟ ಮಾತ್ರ ನೆಡಬೇಡಿ, ಬೀಜದಿಂದಲೂ ಸಸಿ ಎಬ್ಬಿಸಿ. ಗೂಟದಿಂದ ಬರುವುದು ಅದೇ ಮರ, ಬೀಜದಿಂದ ಬರುವುದು ಅದರ ಮಕ್ಕಳು. ನೂರು ಮಕ್ಕಳಲ್ಲಿ ಐದಾದರೂ ಕಣಜವನ್ನು ತಡೆದುಕೊಂಡರೆ ಅವೇ ಮುಂದಿನ ತಾಯಿಮರಗಳು.

ಕೀಟಲೋಕ, ಬೆಂಗಳೂರು

ಹವಾಯಿಯ ಸಹೋದರಿ ಬರೆದದ್ದನ್ನು ಓದಿ, ಆ ಯೂರಿಟೋಮಾವನ್ನು ನಾವೂ ತರಿಸಬಾರದೇ ಎಂದು ಯಾರಿಗಾದರೂ ಅನ್ನಿಸಬಹುದು. ಹೊರದೇಶದ ಜೀವಿಯನ್ನು ತರಿಸುವುದು ಸರ್ಕಾರದ ಅನುಮತಿ ಮತ್ತು ಸಸ್ಯ ಸಂಗರೋಧದ (ಕ್ವಾರಂಟೈನ್) ಪರೀಕ್ಷೆಗಳ ಮೂಲಕವೇ ಆಗಬೇಕು. ಖಾಸಗಿಯಾಗಿ ಯಾರೂ ಕೈ ಹಾಕಬಾರದು. ಸರಿಯಾದ ದಾರಿಯಲ್ಲಿ ಹೋದರೆ ಫಲವಿದೆ ಎಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿಯ ಬಿಳಿ ಹಿಟ್ಟು ತಿಗಣೆ ಕರ್ನಾಟಕದ ಹಿಪ್ಪುನೇರಳೆ ತೋಟಗಳಿಗೂ ನುಗ್ಗಿ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತ್ತು. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಪರಾವಲಂಬಿ ಕಣಜಗಳು ಅದನ್ನು ಹತೋಟಿಗೆ ತಂದವು. ಆಗ ಊರೂರಿನ ರೈತರು ಕೀಟನಾಶಕ ನಿಲ್ಲಿಸಿ ಸಹಕರಿಸಿದ್ದು ಪರಾವಲಂಬಿಗಳು ನೆಲೆಯೂರುವುದಕ್ಕೆ ಬಹಳ ಮುಖ್ಯವಾಗಿತ್ತು.

ಮರಗಸಿಯವರು ಬರೆದುದಕ್ಕೆ ಒಂದು ಸಣ್ಣ ತಿದ್ದುಪಡಿ. ಸಾಗಿಸುವ ಗೂಟದ ಮತ್ತು ಹೊಸ ಸಸಿಯ ಗಂಟುಗಳನ್ನು ನಾಶ ಮಾಡುವುದು ಸರಿ. ಆದರೆ ಉಳಿದ ಹಳೆಯ ಮರಗಳ ಗಂಟುಗಳನ್ನು ಹುಡುಕಿ ಹುಡುಕಿ ಸುಡಬೇಡಿ. ಗಂಟಿನೊಳಗೆ ಇರುವುದು ಶತ್ರುವೋ ಮಿತ್ರನೋ ಹೊರಗಿನಿಂದ ತಿಳಿಯುವುದಿಲ್ಲ. ಬಾಟಲಿಯ ಪರೀಕ್ಷೆಯಲ್ಲಿ ಪರಾವಲಂಬಿ ಕಂಡುಬಂದರೆ ಆ ಮರವೇ ನಿಮ್ಮೂರಿನ ಮಿತ್ರಕೀಟದ ತೊಟ್ಟಿಲು. ಅದನ್ನು ಆ ವರ್ಷ ಸವರದೆ ಬಿಡಿ.

ಸೊಪ್ಪಿನಬೆಟ್ಟ, ಶಿರಸಿ

ಆಡಳಿತದ ಬೆಂಬಲದ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ಒಂದೆರಡು ಮಾತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಅನೇಕ ಕಡೆ ಆ ದಾಖಲೆ ಕಪಾಟಿನಲ್ಲಿ ಕುಳಿತಿದೆ. ತಾವು ಹೋಗಿ, ಊರಿನಲ್ಲಿ ಉಳಿದಿರುವ ಹಾಲುವಾಣದ ಮರಗಳನ್ನು, ಅವು ಇರುವ ಜಾಗ, ಸುತ್ತಳತೆ, ಹೂ ಬಿಡುವ ತಿಂಗಳು, ಗಂಟಿನ ಸ್ಥಿತಿ ಸಮೇತ ಅದರಲ್ಲಿ ಬರೆಸಿ. ದಾಖಲಾದ ಮರವನ್ನು ರಸ್ತೆ ಅಗಲ ಮಾಡುವವರೋ ತಂತಿ ಎಳೆಯುವವರೋ ಕಡಿಯಲು ಬಂದಾಗ ಕೇಳುವುದಕ್ಕೆ ಒಂದು ಆಧಾರವಿರುತ್ತದೆ. ನಮ್ಮಲ್ಲಿ ಹೊಳೆಯಂಚಿನ ಒಂದು ಹಳೆಯ ಮರ ಹಾಗೆಯೇ ಉಳಿಯಿತು.

ಕೆಲಸದ ಬಗ್ಗೆ ಹೇಳುವುದಾದರೆ, ಹೆಂಗಸರ ಸ್ವಸಹಾಯ ಸಂಘಕ್ಕೆ ಸಸಿ ಎಬ್ಬಿಸುವ ಹೊಣೆ ಕೊಡಿ, ಸಸಿಗೆ ನ್ಯಾಯವಾದ ಬೆಲೆಯನ್ನೂ ಕೊಡಿ. ಪುಕ್ಕಟೆಯಾಗಿ ಹಂಚಿದ ಸಸಿಗೆ ಯಾರೂ ನೀರು ಹಾಕುವುದಿಲ್ಲ ಎಂಬುದನ್ನು ನಾವು ನೋಡಿದ್ದೇವೆ. ಎಲೆಯ ತೊಟ್ಟನ್ನು ದಿನವೂ ಹತ್ತಿರದಿಂದ ನೋಡುವವರು ದನಕ್ಕೆ ಸೊಪ್ಪು ತರುವ ಹೆಂಗಸರೇ ಆದ್ದರಿಂದ, ಗಂಟನ್ನು ಮೊದಲು ಗುರುತಿಸುವವರೂ ಅವರೇ.

ಕಾನುಮನೆ, ಕೊಪ್ಪ ತಾಲ್ಲೂಕು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮೂರು ವಾರಗಳಲ್ಲಿ ನಡೆದದ್ದನ್ನು ತಿಳಿಸುತ್ತೇನೆ.

ಈಗ ಎಲೆಯುದುರುವ ಕಾಲವಾದ್ದರಿಂದ ಮರಗಳಲ್ಲಿ ಗಂಟು ಸಿಗುವುದೇ ಕಷ್ಟವಾಯಿತು. ಹೊಳೆಯ ದಂಡೆಯ ಮರದ ಬುಡದಲ್ಲಿ ಒಡೆದಿದ್ದ ಎಳೆಯ ಕುಡಿಗಳಲ್ಲಿ ಹನ್ನೊಂದು ಗಂಟಿನ ತೊಟ್ಟುಗಳು ಸಿಕ್ಕವು. ಹಾರ್ಲಿಕ್ಸ್ ಬಾಟಲಿಗೆ ಹಾಕಿ, ಹಳೆಯ ಪಂಚೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಬಾಯಿಗೆ ಕಟ್ಟಿ, ನಡುಮನೆಯ ಕಿಟಕಿಯಲ್ಲಿ ಬಿಸಿಲು ಬೀಳದಂತೆ ಇಟ್ಟೆವು. ಒಂಬತ್ತನೆಯ ದಿನ ಬೆಳಿಗ್ಗೆ ಬಾಟಲಿಯ ಬೆಳಕಿನ ಬದಿಗೆ ಎಳ್ಳಿಗಿಂತ ಸಣ್ಣ ಕೀಟಗಳು ಅಂಟಿಕೊಂಡಿದ್ದವು. ಏಳನೆಯ ತರಗತಿಯಲ್ಲಿರುವ ಮಗಳು ಭೂತಗನ್ನಡಿ ಹಿಡಿದು ಎಣಿಸಿದಳು: ಒಟ್ಟು ಇಪ್ಪತ್ತಾರು. ಅವುಗಳಲ್ಲಿ ಹತ್ತು ಉಳಿದವುಗಳಂತೆ ಇಲ್ಲ ಎಂದು ಅವಳ ಅಭಿಪ್ರಾಯ. ನನ್ನ ಕಣ್ಣಿಗೂ ಹಾಗೆಯೇ ಕಂಡಿತು. ಆದರೆ ಗಂಡು ಹೆಣ್ಣಿನ ವ್ಯತ್ಯಾಸವೂ ಇರಬಹುದಲ್ಲವೇ? ಸ್ಪಿರಿಟ್ಟಿನಲ್ಲಿ ಹಾಕಿ, ಪೆನ್ಸಿಲಿನ ಚೀಟಿಯೊಡನೆ ಕಳುಹಿಸಿದ್ದೇವೆ. ಉತ್ತರ ಬರುವವರೆಗೆ ಹೊಳೆಯ ಮರಕ್ಕೆ ಕತ್ತಿ ಮುಟ್ಟಿಸುವುದಿಲ್ಲ ಎಂದು ತೀರ್ಮಾನಿಸಿದೆವು.

ಊರಿನ ಸಭೆಗೆ ಹದಿನಾಲ್ಕು ಮನೆಗಳಲ್ಲಿ ಒಂಬತ್ತು ಮನೆಯವರು ಬಂದರು. ಸೋಮವಾರಪೇಟೆಯವರು ಬರೆದ ಮಾತನ್ನು ನಾನು ಅಲ್ಲಿ ಓದಿ ಹೇಳಿದೆ. ಮನೆಗೆ ಐದು ಗೂಟ ಬೇಲಿಸಾಲಿಗೆ ಎಂದಾಗ ಒಂಬತ್ತೂ ಮನೆಯವರು ಒಪ್ಪಿದರು; ಬಳ್ಳಿ ಹಬ್ಬಿಸುತ್ತೇವೆ ಎಂದವರು ನನ್ನನ್ನೂ ಸೇರಿಸಿ ಮೂವರು ಮಾತ್ರ. ಕಾನಂಚಿನ ಎರಡು ಮರಗಳಿಂದ ಬಲಿತ ಗೂಟಗಳನ್ನು ಮುಂದಿನ ವಾರ ಕಡಿಯುತ್ತೇವೆ. ಒಂದರ ಗೂಟಕ್ಕೆ ಕೆಮ್ಮಣ್ಣು, ಇನ್ನೊಂದರದಕ್ಕೆ ಸುಣ್ಣ ಬಳಿಯುವುದೆಂದು ನಿಶ್ಚಯವಾಗಿದೆ. ಮರಗಸಿಯ ದಿನವನ್ನು ಮಾತ್ರ ಇನ್ನೂ ಗೊತ್ತುಮಾಡಿಲ್ಲ. ಇಬ್ಬರು ಭರಣಿ ಮಳೆಗೇ ಮುಗಿಸಬೇಕೆನ್ನುತ್ತಾರೆ, ಉಳಿದವರಿಗೆ ಕೃತ್ತಿಕೆ ಅನುಕೂಲ. ಮೂಡಿಗೆರೆಯವರು ತಮ್ಮಲ್ಲಿ ಯಾವ ಮಳೆಗೆ ಸವರುತ್ತಾರ‍ೆಂದು, ಸವರಿದ ಮೇಲೆ ಚಿಗುರು ಬಲಿಯಲು ಎಷ್ಟು ದಿನ ಹಿಡಿಯಿತೆಂದು ತಿಳಿಸಿದರೆ ಆ ಮಾತನ್ನು ಮುಂದಿನ ಸಭೆಯಲ್ಲಿ ಇಡುತ್ತೇನೆ.

ಕಾಯಿ ಒಣಗುವುದನ್ನು ಕಾಯುತ್ತಿದ್ದೇವೆ. ಬೀಜ ತೇಯುವುದಕ್ಕೆ ಅಕ್ಕಸಾಲಿಗರ ಹಳೆಯ ಅರವೊಂದನ್ನು ಮಗಳು ಈಗಲೇ ಎತ್ತಿಟ್ಟುಕೊಂಡಿದ್ದಾಳೆ.